ಮೂರು ಬಾರಿ ಬೆಟ್ಟವೆನಿಸಿಕೊಂಡ ಊರು

ಇಂಗ್ಲೆಂಡಿನ ಊರುಗಳ ಹೆಸರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಟಾರ್ಪೆನ್‌ಹೌ ಬೆಟ್ಟದ ಕತೆಯನ್ನು ಹೇಳದೆ ಇರುವುದಿಲ್ಲ. ಉತ್ತರದ ಕಂಬ್ರಿಯಾ ಸೀಮೆಯಲ್ಲಿ ಆ ಹೆಸರಿನದೊಂದು ಬೆಟ್ಟವಿದೆಯಂತೆ; ‘ಟಾರ್’ ಎಂದರೆ ಬೆಟ್ಟ, ‘ಪೆನ್’ ಎಂದರೂ ಬೆಟ್ಟ, ‘ಹೌ’ ಎಂದರೂ ಬೆಟ್ಟ, ಅದರ ಮೇಲೆ ಇಂಗ್ಲಿಷಿನ ‘ಹಿಲ್’ ಬೇರೆ ಸೇರಿಕೊಂಡು ಹೆಸರಿನ ಅರ್ಥ ‘ಬೆಟ್ಟಬೆಟ್ಟಬೆಟ್ಟ ಬೆಟ್ಟ’ ಎಂದಾಯಿತಂತೆ. ಒಬ್ಬರ ಹಿಂದೊಬ್ಬರು ಬಂದು ನೆಲೆಸಿದ ಜನ, ತಮಗಿಂತ ಮೊದಲಿದ್ದವರ ಮಾತು ಅರ್ಥವಾಗದೆ, ಅವರ ‘ಬೆಟ್ಟ’ವನ್ನೇ ಬೆಟ್ಟದ ಹೆಸರೆಂದು ತಿಳಿದು ತಮ್ಮ ‘ಬೆಟ್ಟ’ವನ್ನು ಅದರ ಜೊತೆಗೆ ಸೇರಿಸಿದರು ಎಂಬುದು ಕತೆಯ ಸಾರ. ನಾನಿದನ್ನು ಮೊದಲು ಕೇಳಿದ್ದು ಕಚೇರಿಯ ಊಟದ ಮೇಜಿನಲ್ಲಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ನಗುವಿನಲ್ಲಿ ಏನೋ ಸರಿಯಿಲ್ಲವೆಂಬ ಭಾವನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಬೇರೆ ಮಾತಿನ ನಾಡಿಗೆ ಬಂದು ಬಾಳುವವರಿಗೆ, ಅಲ್ಲಿಯ ಹೆಸರುಗಳನ್ನು ಕೇಳಿ ಕಲಿತು ಬಾಯಿಗೆ ಹೊಂದಿಸಿಕೊಳ್ಳುವುದು ಎಷ್ಟು ಎಚ್ಚರದ ಕೆಲಸವೆಂಬುದು ಗೊತ್ತಿರುತ್ತದೆ. ಮೊದಲ ದಿನಗಳಲ್ಲಿ ನಾವು ಪ್ರತಿಯೊಂದು ಹೆಸರನ್ನೂ ಎದುರಿನವರ ಮುಖ ನೋಡಿಕೊಂಡೇ ಉಚ್ಚರಿಸುತ್ತೇವೆ. ಸಾವಿರದ ನಾನೂರು ವರ್ಷಗಳ ಹಿಂದೆ ಬಂದವರು ಮಾತ್ರ ಇದನ್ನೆಲ್ಲ ಗಮನಿಸದೆ, ಕಿವಿಗೆ ಬಿದ್ದ ಸದ್ದನ್ನು ಹಾಗೆಯೇ ಎತ್ತಿಕೊಂಡು ಹೋದರೆಂದು ನಂಬುವುದು ನನಗೆ ಕಷ್ಟವಾಯಿತು.

ಟಾರ್ಪೆನ್‌ಹೌ ಕತೆಯಂತೂ ನಿಲ್ಲುವಂಥದ್ದಲ್ಲ. ಅದು ಒಂದು ಹಳ್ಳಿಯ ಹೆಸರು. ಅಲ್ಲಿಯ ಜನ ಅದನ್ನು ‘ಟ್ರಪೆನ್ನ’ ಎನ್ನುತ್ತಾರೆ. ‘ಟಾರ್ಪೆನ್‌ಹೌ ಹಿಲ್’ ಎಂಬ ಹೆಸರಿನಿಂದ ಕರೆಯಲ್ಪಡುವ ಬೆಟ್ಟ ಅಲ್ಲಿ ಇಲ್ಲವೆಂಬುದನ್ನು ಹೆಸರುಗಳ ಬೆನ್ನು ಹತ್ತಿದವರು ತೋರಿಸಿಕೊಟ್ಟಿದ್ದಾರೆ. ‘ಟಾರ್’ ಮತ್ತು ‘ಪೆನ್’ ಎರಡೂ ಕೂಡಿ, ಇಂಗ್ಲಿಷರು ಬರುವ ಮೊದಲಿದ್ದ ಬ್ರಿಟನ್ನರ ಹಳೆಯ ಭಾಷೆಯಲ್ಲೇ ‘ಬಂಡೆಬೆಟ್ಟದ ತಲೆ’ ಎಂಬ ಒಂದೇ ಪದವಾಗಿದ್ದಿರಬಹುದು. ಆಗ ಅದರಲ್ಲಿ ಪುನರುಕ್ತಿಯ ಪ್ರಶ್ನೆಯೇ ಬರುವುದಿಲ್ಲ. ಆದರೆ ಇಂತಹ ಹೆಸರುಗಳು ನಿಜಕ್ಕೂ ಇವೆ. ಲ್ಯಾಂಕಶೈರಿನ ಪೆಂಡಲ್ ಹಿಲ್ ಹಾಗಿನದು: ‘ಪೆನ್’ ಮೊದಲು, ಅದಕ್ಕೆ ಹಳೆಯ ಇಂಗ್ಲಿಷಿನ ‘ಹುಲ್’ ಸೇರಿ ‘ಪೆಂಡಲ್’, ಅದು ಸವೆದ ಮೇಲೆ ಮತ್ತೊಮ್ಮೆ ‘ಹಿಲ್’. ಬಕಿಂಗ್‌ಹ್ಯಾಮ್‌ಶೈರಿನ ಗುಡ್ಡದ ಮೇಲಿರುವ ಬ್ರಿಲ್ ಎಂಬ ಹಳ್ಳಿಯ ಒಂದೇ ಉಚ್ಚಾರದೊಳಗೆ ಬ್ರಿಟನ್ನರ ಬೆಟ್ಟವೂ ಇಂಗ್ಲಿಷರ ಬೆಟ್ಟವೂ ಅಡಗಿವೆ. ಅದೇ ಸೀಮೆಯ ಚೆಟ್ವುಡ್ ಎಂಬಲ್ಲಿ ಕಾಡಿಗೆ ಕಾಡು ಕೂಡಿಕೊಂಡಿದೆ. ಇವೆಲ್ಲವುಗಳ ನಡುವೆ ನಾನಿರುವಲ್ಲಿಗೆ ತೀರ ಹತ್ತಿರದ್ದು, ಲೆಸ್ಟರ್‌ಶೈರಿನ ವಾಯವ್ಯ ಅಂಚಿನಲ್ಲಿ ಡರ್ಬಿಶೈರಿಗೆ ಮೈತಾಗಿಸಿಕೊಂಡಿರುವ ಬ್ರೀಡನ್ ಆನ್ ದ ಹಿಲ್. ‘ಬ್ರೆ’ ಬೆಟ್ಟ, ‘ಡೂನ್’ ಬೆಟ್ಟ, ಕೊನೆಯಲ್ಲಿ ‘ಬೆಟ್ಟದ ಮೇಲಿನ’ ಎಂಬ ವಿಶೇಷಣ. ಮೂರೂ ಒಂದೇ ಬೆಟ್ಟದ ಮೈಮೇಲಿವೆ.

ಬೆಟ್ಟವೆಂದರೆ ನಮ್ಮ ಪಶ್ಚಿಮಘಟ್ಟದ ಅಳತೆಯಲ್ಲಿ ಯೋಚಿಸಬಾರದು. ಬ್ರೀಡನ್ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ. ಆದರೆ ಅದು ಎದ್ದಿರುವ ಬಗೆ ಬೇರೆ. ಸುತ್ತಲೂ ಕೆಂಪು ಜೇಡಿಯ ಮೆದು ನೆಲ, ಟ್ರೆಂಟ್ ಹೊಳೆಯತ್ತ ಸಾವಕಾಶವಾಗಿ ಇಳಿಯುವ ಹೊಲಗಳು. ಅವುಗಳ ನಡುವೆ, ಬಹಳ ಹಳೆಯ ಸುಣ್ಣದ ಕಲ್ಲಿನ ಒಂದು ದಿಮ್ಮಿ ನೆಲವನ್ನು ಸೀಳಿಕೊಂಡು ಮೇಲೆ ಬಂದಂತೆ ಈ ಬೆಟ್ಟ ನಿಂತಿದೆ. ಹತ್ತಾರು ಮೈಲಿ ದೂರದಿಂದ, ನಾಟಿಂಗ್‌ಹ್ಯಾಮ್ ಕಡೆಯ ಹೆದ್ದಾರಿಯಿಂದ ಕೂಡ, ನೆತ್ತಿಯ ಮೇಲಿನ ಚರ್ಚು ಕಾಣುತ್ತದೆ. ಊರು ಇರುವುದು ಕೆಳಗೆ, ಬೆಟ್ಟದ ಬುಡದಲ್ಲಿ: ಹಸಿರು ಬಯಲು, ಪಬ್ಬು, ಶಾಲೆ, ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿಹಾಕುತ್ತಿದ್ದ ದುಂಡನೆಯ ಪುಟ್ಟ ಕಲ್ಲಿನ ಕೋಣೆ, ಎಲ್ಲ ಸೇರಿ ಸಾವಿರ ಜನರ ಆಸುಪಾಸಿನ ಪಂಚಾಯಿತಿ. ಚರ್ಚಿಗೆ ಹೋಗಬೇಕಾದವರು ಇಂದಿಗೂ ಬೆಟ್ಟ ಹತ್ತಬೇಕು.

ಬೀಡ್ ಬರೆದಿಟ್ಟ ಹೆಸರು

ಊರಹೆಸರಿನ ಮೂಲ ಹುಡುಕುವವರು ಈಗಿನ ಉಚ್ಚಾರವನ್ನು ನಂಬುವುದಿಲ್ಲ. ಬರಹದಲ್ಲಿ ಉಳಿದಿರುವ ಅತಿ ಹಳೆಯ ರೂಪವನ್ನು ಹುಡುಕಿಕೊಂಡು ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಈ ಕೆಲಸವನ್ನು 1923ರಲ್ಲಿ ಸ್ಥಾಪನೆಯಾದ ಸ್ಥಳನಾಮ ಸಂಘವೊಂದು ಜಿಲ್ಲೆಯಿಂದ ಜಿಲ್ಲೆಗೆ ನಡೆಸಿಕೊಂಡು ಬಂದಿದೆ. ಶಾಸನ, ದಾನಪತ್ರ, ಕಂದಾಯದ ಕಡತ, ನ್ಯಾಯಾಲಯದ ದಾಖಲೆ, ಹೊಲಗಳ ಪಟ್ಟಿ, ಹೀಗೆ ಎಲ್ಲವನ್ನೂ ಸೋಸಿ ಒಂದೊಂದು ಊರಿನ ಹೆಸರು ಶತಮಾನದಿಂದ ಶತಮಾನಕ್ಕೆ ಹೇಗೆ ಬರೆಯಲ್ಪಟ್ಟಿತೆಂದು ಅದು ಸಾಲಾಗಿ ಜೋಡಿಸಿಡುತ್ತದೆ. ಬಹುಪಾಲು ಹಳ್ಳಿಗಳ ಸಾಲು ಶುರುವಾಗುವುದು 1086ರಲ್ಲಿ ವಿಜಯಿ ವಿಲಿಯಮ್ ಮಾಡಿಸಿದ ಡೂಮ್ಸ್‌ಡೇ ಸಮೀಕ್ಷೆಯಿಂದ. ಬ್ರೀಡನ್ನಿನ ಭಾಗ್ಯ ದೊಡ್ಡದು; ಅದರ ಹೆಸರು ಅದಕ್ಕಿಂತ ಮೂರೂವರೆ ಶತಮಾನ ಮೊದಲೇ, ಇಂಗ್ಲೆಂಡಿನ ಮೊದಲ ಇತಿಹಾಸಕಾರನೆನಿಸಿದ ಬೀಡ್ ಎಂಬ ಸನ್ಯಾಸಿಯ ಲೇಖನಿಯಿಂದ ದಾಖಲಾಗಿದೆ. 731ರಲ್ಲಿ ಅವನು ತನ್ನ ಕೃತಿಯನ್ನು ಮುಗಿಸುವ ಹೊತ್ತಿಗೆ ಕ್ಯಾಂಟರ್ಬರಿಗೆ ಹೊಸ ಆರ್ಚ್‌ಬಿಷಪ್ಪನ ನೇಮಕವಾಗಿತ್ತು. ಅವನ ಹೆಸರು ಟ್ಯಾಟ್ವಿನ್. ಇಂಗ್ಲೆಂಡಿನ ನಡುಭಾಗದಲ್ಲಿ ಆಗಿದ್ದ ಮರ್ಸಿಯಾ ಎಂಬ ರಾಜ್ಯದವನಾದ ಈತ ‘ಬ್ರಿಯುಡುನ್’ ಎಂಬ ಮಠದಲ್ಲಿ ಪಾದ್ರಿಯಾಗಿದ್ದನೆಂದು ಬೀಡ್ ಬರೆಯುತ್ತಾನೆ.

ಈ ಟ್ಯಾಟ್ವಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಲ್ಯಾಟಿನ್ ವ್ಯಾಕರಣವೊಂದನ್ನು ಬರೆದಿದ್ದಾನೆ. ಅದರ ಜೊತೆಗೆ ಲ್ಯಾಟಿನ್ನಿನಲ್ಲೇ ನಲವತ್ತು ಒಗಟುಗಳನ್ನೂ ಕಟ್ಟಿದ್ದಾನೆ. ಹಕ್ಕಿಯ ಗರಿಯಿಂದ ಮಾಡಿದ ಲೇಖನಿ, ಬರೆಯುವ ಚರ್ಮದ ಹಾಳೆ, ಗಂಟೆ, ಸೂಜಿ, ಕಮ್ಮಾರನ ಅಡಿಗಲ್ಲು, ಬೆಂಕಿಯ ಕಿಡಿ, ಇಂತಹ ದಿನಬಳಕೆಯ ವಸ್ತುಗಳೆಲ್ಲ ಅವುಗಳಿಗೆ ಉತ್ತರವಾಗಿ ಬರುತ್ತವೆ. ತನ್ನ ಮಾತೃಭಾಷೆಯಲ್ಲದ ಭಾಷೆಯ ವ್ಯಾಕರಣವನ್ನು ಇಂಗ್ಲಿಷ್ ಹುಡುಗರಿಗೆ ಕಲಿಸಲು ಕುಳಿತ ಮನುಷ್ಯ ಅವನು; ಒಂದು ವಸ್ತುವನ್ನು ಅದರ ಹೆಸರು ಹೇಳದೆ ಬಣ್ಣಿಸುವ ಆಟದಲ್ಲಿ ಪಳಗಿದವನು. ಎಂಟನೆಯ ಶತಮಾನದ ಆರಂಭದಲ್ಲಿ ಆ ಬೆಟ್ಟದ ಮೇಲೆ ವಾಸವಾಗಿದ್ದವರಲ್ಲಿ ಅಂಥವನೊಬ್ಬನಿದ್ದ ಎಂಬುದು, ಅಲ್ಲಿಯವರನ್ನು ಮಾತಿನ ವಿಷಯದಲ್ಲಿ ಅಜ್ಞಾನಿಗಳೆಂದು ಕಾಣುವ ಮೊದಲು ನಾವು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

ಬೀಡ್ ಬರೆದ ‘ಬ್ರಿಯುಡುನ್’ನಲ್ಲಿ ಮೊದಲ ಭಾಗ ಬ್ರಿಟನ್ನಿನ ಹಳೆಯ ಕೆಲ್ಟಿಕ್ ಮಾತಿನದು. ರೋಮನ್ನರು ಬರುವ ಮೊದಲೂ, ಅವರು ಇದ್ದಾಗಲೂ, ಅವರು ಹೋದ ಮೇಲೂ ಈ ಸೀಮೆಯ ರೈತಾಪಿ ಜನ ಆಡುತ್ತಿದ್ದ ಮಾತು ಅದು. ಅದರ ನೇರ ಮಗಳು ಇಂದಿನ ವೆಲ್ಶ್. ವೇಲ್ಸಿನಲ್ಲಿ ಈ ‘ಬ್ರೆ’ ಇನ್ನೂ ಊರಹೆಸರುಗಳಲ್ಲಿ ಬದುಕಿದೆ. ಆಂಗ್ಲ್‌ಸಿ ದ್ವೀಪದ ಮೋಯೆಲ್‌ವ್ರೆ ಎಂದರೆ ಬೋಳುಬೆಟ್ಟ. ಇದರ ಬೇರು ಹಿಡಿದು ಹಿಂದಕ್ಕೆ ಹೋದರೆ ಜರ್ಮನ್ನಿನ ‘ಬೆರ್ಗ್’ ಸಿಗುತ್ತದೆ, ಸ್ಪೇನ್ ಮತ್ತು ಪೋರ್ಚುಗಲ್‌ಗಳ ಪುರಾತನ ಪಟ್ಟಣಗಳ ಹೆಸರಿನ ಕೊನೆಯಲ್ಲಿ ಬರುವ ‘ಬ್ರಿಗ’ ಸಿಗುತ್ತದೆ, ಉತ್ತರ ಇಂಗ್ಲೆಂಡಿನ ಬ್ರಿಗ್ಯಾಂಟರು ಎಂಬ ಕುಲದ ಹೆಸರೂ ಸಿಗುತ್ತದೆ. ಮತ್ತೂ ಒಂದು ಪದ ಸಿಗುತ್ತದೆ: ಸಂಸ್ಕೃತದ ‘ಬೃಹತ್’. ಎಲ್ಲವೂ ‘ಎತ್ತರ’ ಎಂಬ ಒಂದೇ ಮೂಲದಿಂದ ಹೊರಟವು. ಸಂಸ್ಕೃತದ ದಾರಿಯಾಗಿ ಕನ್ನಡಕ್ಕೆ ಬಂದು ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ದಿನಾಲೂ ಕಾಣುವ ಆ ಪದದ ದೂರದ ದಾಯಾದಿ ಲೆಸ್ಟರ್‌ಶೈರಿನ ಹಳ್ಳಿಯೊಂದರ ಹೆಸರಿನೊಳಗಿದೆಯೆಂದು ತಿಳಿದ ದಿನ ನನಗಾದ ಸಂತೋಷವನ್ನು ಮುಚ್ಚಿಡಬೇಕಾಗಿಲ್ಲ. ಊರಿಗೆ ಹೋಗುವ ತಿರುವಿನ ಹಲಗೆಯನ್ನು ಅದಾದ ಮೇಲೆ ನಾನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.

ಎರಡನೆಯ ಬೆಟ್ಟ

ಇನ್ನು ‘ಡೂನ್’. ನಿಘಂಟು ತೆರೆದರೆ ಹಳೆಯ ಇಂಗ್ಲಿಷಿನ ಈ ಪದಕ್ಕೂ ಬೆಟ್ಟವೆಂದೇ ಅರ್ಥ ಕೊಟ್ಟಿರುತ್ತದೆ. ‘ಡೂನ್’ನಿಂದ ಇಳಿದು ಬರುವುದನ್ನು ಹೇಳುತ್ತಿದ್ದ ನುಡಿಗಟ್ಟೇ ಸವೆದು ಇಂದಿನ ಇಂಗ್ಲಿಷಿನಲ್ಲಿ ‘ಕೆಳಗೆ’ ಎಂಬರ್ಥದ ‘ಡೌನ್’ ಆಗಿದೆ. ಎರಡೂ ಬೆಟ್ಟವಾದ್ದರಿಂದ ‘ಬ್ರಿಯುಡುನ್’ ಎಂದರೆ ಬೆಟ್ಟಬೆಟ್ಟ ಎನ್ನುವವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಾರ್ಗರೆಟ್ ಗೆಲ್ಲಿಂಗ್ ಮತ್ತು ಆನ್ ಕೋಲ್ ಎಂಬ ಇಬ್ಬರು ವಿದ್ವಾಂಸರು ಈ ನಿಘಂಟಿನ ಅರ್ಥಗಳನ್ನು ಹೊತ್ತುಕೊಂಡು ನೇರವಾಗಿ ನೆಲದ ಮೇಲೆ ಹೋದರು. ಒಂದು ಪದ ಯಾವ ಯಾವ ಊರಿನ ಹೆಸರಿನಲ್ಲಿದೆಯೋ ಆ ಊರುಗಳನ್ನು ನೋಡಿ, ಸುತ್ತಲಿನ ಏರಿಳಿತಗಳ ರೇಖೆಯನ್ನು ಬರೆದುಕೊಂಡು, ಒಂದರ ಪಕ್ಕ ಒಂದನ್ನಿಟ್ಟು ಹೋಲಿಸಿದರು. ಆಗ ಕಂಡದ್ದು, ಆ ಜನಕ್ಕೆ ಎಲ್ಲ ಬೆಟ್ಟಗಳೂ ಒಂದೇ ಆಗಿರಲಿಲ್ಲ ಎಂಬುದು. ಬಯಲಿನಲ್ಲಿ ತಗ್ಗಾಗಿ ಎದ್ದು, ತಲೆಯ ಮೇಲೆ ಒಂದು ಊರನ್ನು ಕೂರಿಸಿಕೊಳ್ಳುವಷ್ಟು ಅಗಲವಾದ ಸಮತಟ್ಟು ಜಾಗವಿರುವ ಬೆಟ್ಟಕ್ಕೆ ಅವರು ‘ಡೂನ್’ ಎಂದರು. ಹಿಮ್ಮಡಿಯ ಹಾಗೆ ಥಟ್ಟನೆ ಮುಗಿಯುವ ಬೆಟ್ಟದ ಚಾಚಿಗೆ ‘ಹೋಹ್’ ಎಂದರು. ಇಳಿಜಾರಿಗೆ, ಕಡಿದಾದ ಮೋರೆಗೆ, ಉದ್ದನೆಯ ದಿಣ್ಣೆಗೆ, ಒಂದೊಂದಕ್ಕೂ ಬೇರೆ ಪದವಿತ್ತು. ಜಮೀನು ಹುಡುಕುವ ಒಕ್ಕಲಿಗನಿಗೆ ಅವುಗಳ ನಡುವಿನ ವ್ಯತ್ಯಾಸ ಜೀವನದ ಪ್ರಶ್ನೆಯಾಗಿತ್ತು.

ಇದು ನಮಗೆ ಅಪರಿಚಿತವೇನಲ್ಲ. ಬೆಟ್ಟ, ಗುಡ್ಡ, ಮರಡಿ, ದಿಬ್ಬ, ತಿಟ್ಟು, ದಿಣ್ಣೆ ಇವನ್ನೆಲ್ಲ ಒಂದೇ ಪದದಿಂದ ಬೇರೆ ಭಾಷೆಗೆ ಸಾಗಿಸಿಬಿಡಬಹುದು, ಆದರೆ ಮರಡಿಯ ಹೊಲ ಕೊಂಡವನಿಗೂ ದಿಣ್ಣೆಯ ಹೊಲ ಕೊಂಡವನಿಗೂ ಸಿಕ್ಕುವ ಮಣ್ಣು ಒಂದೇ ಅಲ್ಲ. ಬಿಳಿಗಿರಿರಂಗನ ಬೆಟ್ಟ ಎನ್ನುವಾಗ ಗಿರಿಯೂ ಇದೆ, ಬೆಟ್ಟವೂ ಇದೆ. ಮಲೆ ಮಹದೇಶ್ವರ ಬೆಟ್ಟ ಎನ್ನುವಾಗ ಮೊದಲಿಗೂ ಬೆಟ್ಟ, ಕೊನೆಗೂ ಬೆಟ್ಟ. ಇಲ್ಲಿ ಗಿರಿ, ಮಲೆ ಎಂಬ ಪದಗಳ ಅರ್ಥ ಎಲ್ಲರಿಗೂ ಗೊತ್ತು, ಆದರೂ ಯಾರೂ ಅದನ್ನು ತಪ್ಪೆಂದು ತಿಳಿಯುವುದಿಲ್ಲ. ಮೊದಲನೆಯದು ದೇವರ ಹೆಸರಿನೊಳಗೆ ಸೇರಿಹೋಗಿದೆ, ಎರಡನೆಯದು ಹತ್ತಬೇಕಾದ ಜಾಗವನ್ನು ತೋರಿಸುತ್ತಿದೆ. ಅಂದರೆ ಅರ್ಥ ಗೊತ್ತಿದ್ದೂ ಜನ ಬೆಟ್ಟಕ್ಕೆ ಬೆಟ್ಟವನ್ನು ಸೇರಿಸುತ್ತಾರೆ. ಬ್ರೀಡನ್ನಿನ ಮೊದಲ ಇಂಗ್ಲಿಷ್ ನೆಲಸಿಗರಿಗೆ ‘ಬ್ರೆ’ಯ ಅರ್ಥ ಗೊತ್ತಿತ್ತೆಂದು ನಾನು ಸಾಧಿಸಲಾರೆ. ಗೊತ್ತಿರಲಿಲ್ಲವೆಂಬುದಕ್ಕೆ ಆ ಹೆಸರೊಂದೇ ಸಾಕ್ಷಿಯಾಗಲಾರದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಬ್ರೀಡನ್ ಬೆಟ್ಟದ ನೆತ್ತಿಗೆ ಹೋದರೆ ‘ಡೂನ್’ ಎಂದರೇನೆಂದು ಕಾಲಿಗೇ ತಿಳಿಯುತ್ತದೆ. ಊರಿನ ಹಸಿರು ಬಯಲಿನಿಂದ ಕಾಲುದಾರಿ ನೇರವಾಗಿ ಮೇಲೇರುತ್ತದೆ. ಮಳೆ ಬಂದ ಮರುದಿನವಾದರೆ ಸುಣ್ಣದ ಕಲ್ಲಿನ ಮೇಲೆ ಬೂಟು ಜಾರುತ್ತದೆ, ಒಂದು ಕೈ ಹುಲ್ಲನ್ನು ಹಿಡಿಯುವಂತಾಗುತ್ತದೆ. ಆಮೇಲೆ ಏರು ಒಮ್ಮೆಲೇ ಮುಗಿದು ಗಾಳಿ ಎದೆಗೆ ಬಡಿಯುತ್ತದೆ, ಮುಂದೆ ಅಗಲವಾದ ಸಮತಟ್ಟು. ಚರ್ಚು, ಅದರ ಸುತ್ತ ಸಮಾಧಿಗಳು, ಅಷ್ಟೆಲ್ಲ ಆದಮೇಲೂ ಉಳಿಯುವ ಜಾಗ. ಅಲ್ಲಿಂದ ಉತ್ತರಕ್ಕೆ ಟ್ರೆಂಟ್ ಕಣಿವೆ ಬಿಚ್ಚಿಕೊಳ್ಳುತ್ತದೆ, ಹತ್ತಿರದ ವಿಮಾನನಿಲ್ದಾಣದಿಂದ ಸರಕು ವಿಮಾನಗಳು ಏರುತ್ತವೆ, ಅದರಾಚೆ 2024ರ ಸೆಪ್ಟೆಂಬರ್ 30ರಂದು ಕೆಲಸ ನಿಲ್ಲಿಸಿದ ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಗೋಪುರಗಳು. ಪಶ್ಚಿಮದಲ್ಲಿ ರೆಪ್ಟನ್ ಇದೆ. ಮರ್ಸಿಯಾದ ಅರಸರನ್ನು ಹೂಳಿದ ಆ ಊರಿನ ಹೆಸರಿನಲ್ಲೂ ಇದೇ ‘ಡೂನ್’ ಅಡಗಿದೆ. ಹ್ರೆಯೋಪ ಎಂಬ ಕುಲದವರ ಡೂನ್ ಅದು. ಆ ಕಾಲದ ಇಂಗ್ಲಿಷ್ ರೈತನೊಬ್ಬ ಬ್ರೀಡನ್ನಿನ ಹೆಸರು ಕೇಳಿದಾಗ, ‘ಬ್ರೆ ಎಂದು ಕರೆಯಲ್ಪಡುವ, ಮೇಲೆ ಮನೆ ಕಟ್ಟಬಹುದಾದ ಸಮತಟ್ಟು ಬೆಟ್ಟ’ ಎಂದು ಅರ್ಥ ಮಾಡಿಕೊಂಡಿರುತ್ತಾನೆ. ಎರಡನೆಯ ಪದ ಮೊದಲನೆಯದನ್ನು ಮತ್ತೆ ಹೇಳಲು ಬಂದದ್ದಲ್ಲ; ಆ ನೆಲದ ಬಗ್ಗೆ ಮೊದಲನೆಯದು ಹೇಳದೆ ಬಿಟ್ಟದ್ದನ್ನು ಹೇಳಲು ಬಂದದ್ದು.

ಚರ್ಚಿನೊಳಗೆ

ಮನೆ ಕಟ್ಟಬಹುದೆಂಬ ಆ ತೀರ್ಮಾನವನ್ನು ಇಂಗ್ಲಿಷರಿಗಿಂತ ಎಷ್ಟೋ ಮೊದಲೇ ಇತರರು ಮಾಡಿದ್ದರು. ನೆತ್ತಿಯ ಸುತ್ತ ಕಬ್ಬಿಣಯುಗದ ಕೋಟೆಯೊಂದರ ಮಣ್ಣಿನ ಒಡ್ಡು ಇತ್ತು. ಊರವರು ಅದನ್ನು ‘ಬುಲ್‌ವರ್ಕ್ಸ್’ ಎನ್ನುತ್ತಾರೆ. ಮುಂದೆ ಜೆರಿಕೋ ಉತ್ಖನನದಿಂದ ಲೋಕಪ್ರಸಿದ್ಧರಾದ ಕ್ಯಾಥ್ಲೀನ್ ಕೆನ್ಯನ್ 1946ರಲ್ಲಿ ಇಲ್ಲಿ ಅಗೆತ ನಡೆಸಿದ್ದರು. ಆ ಕೋಟೆಯೊಳಗೆ ಇದ್ದವರೇ, ಅಥವಾ ಅವರ ಮರಿಮಕ್ಕಳ ಮರಿಮಕ್ಕಳೇ, ‘ಬ್ರೆ’ ಎಂದು ಕರೆದವರು. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಿಥುರಿಕ್ ಎಂಬ ಮರ್ಸಿಯಾದ ಶ್ರೀಮಂತನೊಬ್ಬ, ಇಪ್ಪತ್ತು ಕುಟುಂಬಗಳು ಬದುಕಬಹುದಾದಷ್ಟು ನೆಲವನ್ನು, ಇಂದು ಪೀಟರ್‌ಬರೋ ಎನಿಸಿಕೊಂಡಿರುವ ಮಠಕ್ಕೆ ಇಲ್ಲಿ ದಾನ ಕೊಟ್ಟ. ಸುತ್ತಲಿನ ಜನಕ್ಕೆ ಧರ್ಮೋಪದೇಶ ಮಾಡುವ ಒಬ್ಬ ಪಾದ್ರಿಯನ್ನು ಕಳಿಸಿಕೊಡಬೇಕೆಂಬುದು ಅವನ ಕೋರಿಕೆ. ಹೆಡ್ಡ ಎಂಬವನು ಮೊದಲ ಮಠಾಧಿಪತಿಯಾಗಿ ಬಂದ. ಟ್ಯಾಟ್ವಿನ್ ಓದಿ ಬರೆದದ್ದು ಇದೇ ಮಠದಲ್ಲಿ.

ಮಠ ಉಳಿದಿಲ್ಲ, ಅದರ ಕೆತ್ತನೆಗಳು ಉಳಿದಿವೆ. ಎಂಟನೆಯ ಶತಮಾನದ ಕೊನೆ ಅಥವಾ ಒಂಬತ್ತರ ಆರಂಭದವೆಂದು ತಿಳಿದವರು ಹೇಳುವ ಆ ಕಲ್ಲಿನ ಪಟ್ಟಿಗಳನ್ನು, ಹನ್ನೆರಡನೆಯ ಶತಮಾನದಲ್ಲಿ ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿ ಇದು ಮತ್ತೆ ಎದ್ದ ಮೇಲೆ, ಕಟ್ಟಡದ ಗೋಡೆಗಳಲ್ಲಿ ಅಲ್ಲಲ್ಲಿ ಕೂರಿಸಲಾಯಿತು. ಒಂದು ಗೇಣಿನಷ್ಟು ಅಗಲದ ಪಟ್ಟಿಗಳು. ಅವುಗಳಲ್ಲಿ ಸುರುಳಿ ಸುತ್ತುವ ಬಳ್ಳಿಗಳು, ಹಣ್ಣು ಕುಕ್ಕುವ ಹಕ್ಕಿಗಳು, ಕೊರಳು ಹೊಸೆದುಕೊಂಡ ಪ್ರಾಣಿಗಳು, ಈಟಿ ಹಿಡಿದು ಕುದುರೆಯ ಮೇಲೆ ಹೋಗುವವರು. ಕಲ್ಲಿನ ಬಣ್ಣ ಮಾಸಿದೆ, ಆದರೆ ಹಕ್ಕಿಯೊಂದರ ಕಣ್ಣಿಗೆ ಕೊರೆದ ತೂತು ಇಂದಿಗೂ ಆಳವಾಗಿದೆ. ಬೆಳಕು ಓರೆಯಾಗಿ ಬಿದ್ದಾಗ ಅದರಲ್ಲಿ ಒಂದು ಚುಕ್ಕೆ ನೆರಳು ನಿಲ್ಲುತ್ತದೆ. ಗೋಪುರದೊಳಗೆ, ಗಂಟೆ ಬಾರಿಸುವ ಕೋಣೆಯಲ್ಲಿ, ಒಬ್ಬ ದೇವದೂತನಿದ್ದಾನೆ. ಅವನು ಬಲಗೈ ಎತ್ತಿ ಹರಸುವ ಬೆರಳುಗಳ ಮಡಿಕೆ ಪಶ್ಚಿಮದ ಕ್ರೈಸ್ತರದ್ದಲ್ಲ, ಬೈಜಾಂಟಿಯಮ್ಮಿನ ಗ್ರೀಕ್ ಕ್ರೈಸ್ತರದ್ದು. ಲೆಸ್ಟರ್‌ಶೈರಿನ ಹಳ್ಳಿಗಾಡಿಗೆ ಆ ಬೆರಳುಗಳ ವಿನ್ಯಾಸವನ್ನು ಯಾರು ಹೊತ್ತು ತಂದರೋ, ಬಹುಶಃ ದಂತದ ಕೆತ್ತನೆಯೋ ನೇಯ್ದ ರೇಷ್ಮೆಯೋ ಕೈಯಿಂದ ಕೈಗೆ ದಾಟುತ್ತ ಬಂದಿರಬೇಕು.

ಒಮ್ಮೆ ನಾನು ಹೋದಾಗ ಒಳಗೆ ಹಿರಿಯರೊಬ್ಬರು ಹಿತ್ತಾಳೆಯ ಹೂದಾನಿಗಳನ್ನು ಉಜ್ಜುತ್ತ ಕುಳಿತಿದ್ದರು. 1627ರಲ್ಲಿ ಶರ್ಲಿ ಮನೆತನ ತನಗಾಗಿ ಮಾಡಿಸಿಕೊಂಡ ಎತ್ತರದ ಮರದ ಅಂಕಣದ ಪಕ್ಕದಲ್ಲಿ ಅವರ ಡಬ್ಬಿ, ಬಟ್ಟೆಗಳೆಲ್ಲ ಹರಡಿದ್ದವು. ಮಠಗಳನ್ನು ಮುಚ್ಚಿಸಿದ ಎಂಟನೆಯ ಹೆನ್ರಿಯ ಕಾಲದಲ್ಲಿ ಈ ಚರ್ಚನ್ನು ತನ್ನ ವಂಶದ ಸಮಾಧಿಸ್ಥಳವಾಗಿ ಕೊಂಡುಕೊಂಡವರು ಶರ್ಲಿಗಳೇ. ಅವರಿಂದಾಗಿ ಕಟ್ಟಡದ ಪೂರ್ವಭಾಗವಾದರೂ ಉಳಿಯಿತು. ಹಿರಿಯರು ನನ್ನನ್ನು ಕೂರಿಸಿ, ಕೇಳದಿದ್ದರೂ ಪಾರಿವಾಳಗಳ ಕತೆ ಹೇಳಿದರು: ಚರ್ಚನ್ನು ಮೊದಲು ಬುಡದಲ್ಲಿ, ಊರಿನ ಹತ್ತಿರವೇ ಕಟ್ಟಲು ಹೊರಟರಂತೆ, ಹಗಲು ಇಟ್ಟ ಕಲ್ಲುಗಳನ್ನು ರಾತ್ರಿ ಪಾರಿವಾಳಗಳು ಎತ್ತಿ ನೆತ್ತಿಗೆ ಒಯ್ಯುತ್ತಿದ್ದವಂತೆ, ಕೊನೆಗೆ ದೈವದ ಇಚ್ಛೆ ಇದೇ ಎಂದು ಜನ ಮೇಲೆಯೇ ಕಟ್ಟಿದರಂತೆ. ಕೆಳಗಿದ್ದ ಜನ ಮೇಲಕ್ಕೆ ಕಣ್ಣೆತ್ತಿ, ‘ಅದು ಅಲ್ಲೇಕಿದೆ’ ಎಂದು ಕೇಳಿಕೊಂಡ ಪ್ರಶ್ನೆಗೆ ಹುಟ್ಟಿದ ಉತ್ತರ ಅದು. ‘ಈ ಬೆಟ್ಟಕ್ಕೆ ನೀವು ಏನೆನ್ನುತ್ತೀರಿ’ ಎಂದು ನಾನು ಕೇಳಿದೆ. ‘ಹಿಲ್ ಎನ್ನುತ್ತೇವೆ, ಇನ್ನೇನೆನ್ನಬೇಕು? ಬ್ರೀಡನ್ ಅಂದರೆ ಊರಲ್ಲವೇ’ ಎಂದರು, ಉಜ್ಜುವುದನ್ನು ನಿಲ್ಲಿಸದೆ.

ಆ ಉತ್ತರದಲ್ಲಿ ಮೂರನೆಯ ಬೆಟ್ಟ ಹೇಗೆ ಬಂತೆಂಬುದು ನನಗೆ ಸ್ಪಷ್ಟವಾಯಿತು. ‘ಡೂನ್’ ಹೆಸರಿನ ಕೊನೆಯಲ್ಲಿ ಒತ್ತಿಲ್ಲದೆ ಉಳಿದು ‘ಡನ್’ ಆಗಿ ಕರಗಿತು. ಬ್ರೀಡನ್ ಎನ್ನುವುದು ಮನೆ, ಹೊಲ, ಕಂದಾಯಗಳಿರುವ ಒಂದು ಊರಿನ ಹೆಸರಾಯಿತು. ಬೆಟ್ಟಕ್ಕೆ ಹೊಸದಾಗಿ ಒಂದು ಮಾತು ಬೇಕಾಯಿತು. ‘ಆನ್ ದ ಹಿಲ್’ ಎಂಬ ಬಾಲ ಬಹಳ ತಡವಾಗಿ ಸೇರಿದ್ದು. ವೂಸ್ಟರ್‌ಶೈರಿನಲ್ಲಿ ಇದೇ ಹುಟ್ಟಿನ ಬ್ರೆಡನ್ ಎಂಬ ಇನ್ನೊಂದು ಊರಿರುವುದರಿಂದ ಇಂಥದೊಂದು ಗುರುತಿನ ಉಪಯೋಗವೂ ಇದ್ದೇ ಇದೆ. ಪ್ರತಿ ಸಲವೂ ಹೆಸರು ಬೆಟ್ಟದಿಂದ ಊರಿಗೆ ಇಳಿದುಬಂದಿದೆ, ಪ್ರತಿ ಸಲವೂ ಜನ ಮತ್ತೆ ಬೆಟ್ಟವನ್ನು ನೋಡಿ ಅದಕ್ಕೆ ತಮ್ಮ ಕಾಲದ ಪದವನ್ನು ಕೊಟ್ಟಿದ್ದಾರೆ.

ಅರ್ಧ ಬೆಟ್ಟ

ಚರ್ಚಿನ ಹಿಂದೆ, ಸಮಾಧಿಗಳ ಸಾಲು ಮುಗಿಯುವಲ್ಲಿ ಒಂದು ಬೇಲಿಯಿದೆ. ಅದರಾಚೆ ಬೆಟ್ಟವಿಲ್ಲ. ಅಲ್ಲಿ ನೆಲ ಕಡಿದುಕೊಂಡು ಬೀಳುತ್ತದೆ. ತಳದಲ್ಲಿ ಲಾರಿಗಳು ಆಟಿಕೆಯಷ್ಟು ಸಣ್ಣಗೆ ಕಾಣುತ್ತವೆ. ಸುಣ್ಣದ ಕಲ್ಲಿನ ಕ್ವಾರಿ ತಲೆಮಾರುಗಳಿಂದ ಈ ಬೆಟ್ಟದ ಪೂರ್ವಭಾಗವನ್ನು ತೆಗೆಯುತ್ತ ಬಂದಿದೆ. ಕಬ್ಬಿಣಯುಗದ ಒಡ್ಡಿನ ದೊಡ್ಡ ಪಾಲು ಅದರೊಂದಿಗೇ ಹೋಯಿತು. ಇಲ್ಲಿಯ ಹೊನ್ನಬಣ್ಣದ ಜಲ್ಲಿ ಇಂಗ್ಲೆಂಡಿನ ಉದ್ಯಾನಗಳ ಕಾಲುದಾರಿಗಳಿಗೆ ಹರಡಿಕೊಂಡಿದೆ. ದೂರದ ಊರಿನ ಹೂದೋಟದಲ್ಲಿ ಬೂಟಿನಡಿ ಜರಜರ ಎನ್ನುವ ಹಳದಿ ಹರಳುಗಳನ್ನು ಕಂಡಾಗ ಟ್ಯಾಟ್ವಿನ್ ನಡೆದಾಡಿದ ನೆತ್ತಿಯ ಚೂರು ಇದೇ ಇರಬಹುದೆಂದು ನನಗೆ ಅನಿಸುವುದುಂಟು. ಊರಿನ ಅನೇಕ ಮನೆಗಳು ಈ ಕೆಲಸದಿಂದಲೇ ಉಂಡಿವೆ ಎಂಬುದನ್ನು ಮರೆತು ಮಾತಾಡುವುದು ಸುಲಭ. ಆದರೂ ಆ ಬೇಲಿಯ ಬಳಿ ನಿಂತಾಗ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ. ಎರಡು ಸಾವಿರ ವರ್ಷಗಳಿಂದ ಜನ ಹೆಸರಿಟ್ಟು, ಮತ್ತೆ ಹೆಸರಿಟ್ಟು, ಮತ್ತೂ ಹೆಸರಿಟ್ಟು ಕಾಪಾಡಿಕೊಂಡ ಒಂದು ಆಕಾರ ಇದು. ಆ ಆಕಾರದಲ್ಲಿ ಉಳಿದಿರುವುದು ಅರ್ಧ. ಗೆಲ್ಲಿಂಗ್ ಮತ್ತು ಕೋಲ್ ಕೈಗೊಂಡಂತಹ ಕೆಲಸಕ್ಕೆ ಬೇಕಾದದ್ದು ನೆಲದ ಆಕಾರ. ಪದದ ಅರ್ಥಕ್ಕೆ ಸಾಕ್ಷಿ ಹೇಳಬೇಕಾದ ಬೆಟ್ಟವೇ ಲಾರಿಯಲ್ಲಿ ಹೊರಟುಹೋದರೆ ಮುಂದಿನವರು ಯಾವುದನ್ನು ಹೋಲಿಸಿ ನೋಡಬೇಕು? ಸ್ಥಳನಾಮದ ಮಾತು ಬಂದಾಗ ಹಳೆಯ ದಾಖಲೆಗಳನ್ನು ಉಳಿಸಬೇಕೆಂದು ಎಲ್ಲರೂ ಒಪ್ಪುತ್ತಾರೆ. ನೆಲವೂ ಆ ದಾಖಲೆಗಳಲ್ಲಿ ಒಂದೆಂದು ಒಪ್ಪುವವರು ಕಡಿಮೆ.

ಹೇಳಿಕೊಟ್ಟವರು

ಈ ಎಲ್ಲದರ ನಂತರವೂ ನನ್ನಲ್ಲಿ ಉಳಿದಿರುವ ಪ್ರಶ್ನೆ ಒಂದು. ‘ಬ್ರೆ’ ಎಂಬ ಪದ ಇಂಗ್ಲಿಷರ ಬಾಯಿಗೆ ಬರಬೇಕಾದರೆ ಯಾರೋ ಒಬ್ಬರು ಅದನ್ನು ಅವರಿಗೆ ಹೇಳಿರಬೇಕು. ಹೆಸರು ತಾನಾಗಿ ಬೆಟ್ಟದ ಮೇಲೆ ಕುಳಿತಿರುವುದಿಲ್ಲ. ಹಳೆಯ ಪಠ್ಯಗಳಲ್ಲಿ ಓದಿದಂತೆ ಬ್ರಿಟನ್ನರನ್ನೆಲ್ಲ ಕೊಂದೋ ಓಡಿಸಿಯೋ ಇಂಗ್ಲಿಷರು ಬರಿದಾದ ನೆಲದಲ್ಲಿ ನೆಲೆಸಿದ್ದರೆ ‘ಬ್ರೆ’ ಉಳಿಯುತ್ತಿರಲಿಲ್ಲ; ಟ್ರೆಂಟ್, ಸೋರ್, ಡರ್ವೆಂಟ್ ಎಂಬ ಈ ಸೀಮೆಯ ಹೊಳೆಗಳ ಇಂಗ್ಲಿಷ್‌ಪೂರ್ವ ಹೆಸರುಗಳೂ ಉಳಿಯುತ್ತಿರಲಿಲ್ಲ. ಒಂದೇ ಸಂತೆಯಲ್ಲಿ, ಒಂದೇ ಹೊಳೆಯ ದಾಟಿನಲ್ಲಿ, ಒಂದೇ ಒಲೆಯ ಮುಂದೆ ಕೂಡ ಎರಡು ಮಾತಿನವರು ಬಹುಕಾಲ ಎದುರಾಗುತ್ತಿದ್ದಿರಬೇಕು. ತಾಯಿಯ ಮಾತು ಒಂದು, ತಂದೆಯ ಮಾತು ಇನ್ನೊಂದಾಗಿ ಬೆಳೆದ ಮಕ್ಕಳೂ ಇದ್ದಿರಬೇಕು. ಲೆಸ್ಟರಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳನ್ನು ನೋಡುವಾಗ, ಅಂಥ ಮಗುವೊಂದು ಎರಡು ಕಡೆಯವರಿಗೂ ಅರ್ಥವಾಗಲೆಂದು ಎರಡೂ ಪದಗಳನ್ನು ಒಟ್ಟಿಗೆ ಸೇರಿಸಿ ಆಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಆ ಎದುರಾಗುವಿಕೆ ಸಮಾನರ ನಡುವಿನದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನರಿಗೆ ಇಂಗ್ಲಿಷರು ಕೊಟ್ಟ ಹೆಸರು ‘ವಾಲ್ಹ್’, ಪರಕೀಯ ಎಂದರ್ಥ. ಇಂದಿನ ‘ವೆಲ್ಶ್’ ಬಂದದ್ದು ಅದರಿಂದಲೇ. ನೆಲದಲ್ಲಿ ಮೊದಲಿದ್ದವರೇ ಹೊಸಬರ ಬಾಯಲ್ಲಿ ಪರಕೀಯರಾದರು, ಕಾಲಕ್ರಮೇಣ ಅದೇ ಪದಕ್ಕೆ ಜೀತದಾಳು ಎಂಬ ಅರ್ಥವೂ ಬಂತು. ಬೆಟ್ಟದ ಹೆಸರನ್ನು ಹೇಳಿಕೊಟ್ಟವನು ಗದ್ದೆಯ ಆಳಾಗಿದ್ದನೋ, ಹೊಳೆ ದಾಟಿಸುವವನಾಗಿದ್ದನೋ, ಮನೆಗೆಲಸದ ಹೆಂಗಸಾಗಿದ್ದಳೋ, ಅವರ ಗುರುತಾಗಿ ಉಳಿದಿರುವುದು ಒಂದು ಅಕ್ಷರದಷ್ಟು ಉದ್ದದ ಈ ಪದ ಮಾತ್ರ. ಬೆಟ್ಟಬೆಟ್ಟ ಎಂದು ನಕ್ಕುಬಿಟ್ಟಾಗ ನಮ್ಮ ಕಣ್ಣಿಗೆ ಬೀಳುವುದು ಕೇಳಿಸಿಕೊಂಡವನ ಅಜ್ಞಾನ. ಹೇಳಿದವರು ಒಬ್ಬರಿದ್ದರೆಂಬುದು ಬೀಳುವುದೇ ಇಲ್ಲ. ಆ ಊಟದ ಮೇಜಿನಿಂದ ನನ್ನನ್ನು ಕೊರೆಯುತ್ತಿದ್ದದ್ದು ಇದೇ ಎಂದು ಈಗ ತೋರುತ್ತದೆ.

873ರ ಚಳಿಗಾಲದಲ್ಲಿ, ಡೆನ್ಮಾರ್ಕಿನ ಕಡೆಯಿಂದ ಕಡಲು ದಾಟಿ ಬಂದ ಡೇನರ ದೊಡ್ಡ ಸೈನ್ಯ ರೆಪ್ಟನ್ನಿನಲ್ಲಿ ಬೀಡುಬಿಟ್ಟಿತು. 877ರಲ್ಲಿ ಅವರು ಮರ್ಸಿಯಾವನ್ನು ಹಂಚಿಕೊಂಡ ಮೇಲೆ ಈ ಸೀಮೆಯ ಊರುಗಳಿಗೆ ‘ಬಿ’ ಎಂಬ ಹೊಸ ಕೊನೆ ಬಂತು. ಬ್ರೀಡನ್ನಿನ ದಕ್ಷಿಣಕ್ಕಿರುವ ಆ್ಯಷ್ಬಿ, ಪಶ್ಚಿಮಕ್ಕಿರುವ ಅನೇಕ ಸಣ್ಣ ಊರುಗಳು ಹಾಗಾದವು. ಅವುಗಳಲ್ಲಿ ರೆಪ್ಟನ್ನಿಗೆ ಹತ್ತಿರವಿರುವ ಬ್ರೆಟ್ಬಿ ಎಂಬುದೊಂದು. ಡೇನರ ಮಾತಿನಲ್ಲಿ ಅದರ ಅರ್ಥ ‘ಬ್ರಿಟನ್ನರ ಹಳ್ಳಿ’. ಪಶ್ಚಿಮದಿಂದ ಡೇನರ ಜೊತೆಗೆ ಬಂದ ಬ್ರಿಟನ್ನರು ಅವರಾಗಿರಬಹುದೆಂದು ಕೆಲವರು ಹೇಳುತ್ತಾರೆ. ಮುನ್ನೂರು ವರ್ಷಗಳ ಇಂಗ್ಲಿಷ್ ಆಳ್ವಿಕೆಯ ಕೆಳಗೂ ತಮ್ಮ ಗುರುತನ್ನು ಉಳಿಸಿಕೊಂಡು ಅಲ್ಲೇ ಇದ್ದವರೆಂದು ಇನ್ನು ಕೆಲವರು. ನನ್ನ ಮನಸ್ಸು ಎರಡನೆಯವರ ಕಡೆಗಿದೆ. ಬ್ರೀಡನ್ನಿನಿಂದ ಬ್ರೆಟ್ಬಿಗೆ ಇರುವ ದೂರ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಡೆದು ತಲುಪುವಷ್ಟು.